ಆಲದ ಮರದಡಿ ಆಕಾಶ ಸುಣ್ಣ, ಬಿಳಲು ಇದ್ದಿಲು: ಕಪ್ಪು-ಬಿಳುಪಿನಲ್ಲಿ ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರು ಹೊರವಲಯದ ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರವನ್ನು ಕಪ್ಪು-ಬಿಳುಪಿನಲ್ಲಿ ತೆಗೆದೆ. ಕಣ್ಣಿಗೆ ಚೆನ್ನಾಗಿ ಕಂಡ ಬಿಳಲುಗಳು ಫೋಟೊದಲ್ಲಿ ಕಪ್ಪು ಮುದ್ದೆಯಾಗಿವೆ, ಎಲೆಗಳ ನಡುವಿನ ಆಕಾಶ ಬರೀ ಬಿಳಿ. ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಹೆಚ್ಚಿಸಿದರೆ ಎಲೆಗಳ ಅಂಚೇ ಮಾಯವಾಗುತ್ತದೆ. ಕೆಂಪು ಫಿಲ್ಟರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ, ಈ ಜಾಗದಲ್ಲಂತೂ ಇನ್ನಷ್ಟು ಕೆಡುತ್ತದೆ. ಕೆಂಪು ಫಿಲ್ಟರ್ ನೀಲಿಯನ್ನು ತಡೆಯುತ್ತದೆ, ಹಾಗಾಗಿ ತಿಳಿಯಾದ ನೀಲಿ ಆಕಾಶ ಕಪ್ಪಾಗುತ್ತದೆ. ಮೋಡ ಕವಿದ ಆಕಾಶದಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿರುವುದರಿಂದ ಅಲ್ಲಿ ಅದರ ಆಟ ನಡೆಯದು. ಜೊತೆಗೆ ಅದು ಹಸಿರನ್ನೂ ಕಪ್ಪಾಗಿಸುತ್ತದೆ, ಸುಮಾರು ಮೂರು ಸ್ಟಾಪ್ ಬೆಳಕನ್ನೂ ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು ಆಗುವುದು). ಮೊದಲೇ ಕಪ್ಪಾಗಿರುವ ನೆರಳಿಗೆ ಇದು ಬೇಡ.

ತೊಂದರೆಯ ಮೂಲ ಬೆಳಕಿನ ಅಂತರ. ಬಿಸಿಲು ಬಿದ್ದ ಎಲೆಗೂ ದಟ್ಟ ನೆರಳಿನ ತೊಗಟೆಗೂ ಐದಾರು ಸ್ಟಾಪ್ ವ್ಯತ್ಯಾಸ ಸಾಮಾನ್ಯ, ಅಂದರೆ 32ರಿಂದ 64 ಪಟ್ಟು. ಮೇಲೆ ಬೆಳ್ಳನೆಯ ಆಕಾಶ, ಕೆಳಗೆ ತೊಗಟೆಯ ಬಿರುಕು ಸೇರಿದರೆ ಇನ್ನೂ ಮೂರು-ನಾಲ್ಕು ಸ್ಟಾಪ್. ನಮ್ಮ ಕಣ್ಣು ಒಂದೊಂದೇ ಜಾಗವನ್ನು ನೋಡಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾಗೆ ಇರುವುದು ಒಂದೇ ಎಕ್ಸ್‌ಪೋಶರ್. ಇಡೀ ಚೌಕಟ್ಟಿನ ಸರಾಸರಿ ಅಳೆಯುವ ಮೀಟರ್ ಆಕಾಶಕ್ಕೆ ಹೆದರಿ ಎಲ್ಲವನ್ನೂ ಕಪ್ಪಾಗಿಸುತ್ತದೆ.

ಮೊದಲ ಪರಿಹಾರ ಕಾಲಿನದು, ಅಂದರೆ ನಿಲ್ಲುವ ಜಾಗದ್ದು. ದೊಡ್ಡ ಆಲದ ಮರದ ಮೂಲ ಕಾಂಡ ರೋಗದಿಂದ ನಾಶವಾಗಿದೆ. ಸುಮಾರು ಮೂರು ಎಕರೆಯಲ್ಲಿ ಈಗ ನಿಂತಿರುವುದು ಬಿಳಲಿನಿಂದ ಬಲಿತ ಕಂಬಗಳು. ನಡುವೆ ಹಿಡಿಯಲೇಬೇಕಾದ ಒಂದು ಕಾಂಡ ಇಲ್ಲದಿರುವುದು ನಿಮಗೆ ಅನುಕೂಲವೇ. ಅಗಲ ನೋಟದ 24 ಎಂಎಂ ಲೆನ್ಸ್‌ನಲ್ಲಿ ಇಡೀ ಮರವನ್ನು ತುಂಬಲು ಹೋದರೆ ಆಕಾಶವೇ ತುಂಬಿಕೊಳ್ಳುತ್ತದೆ. 50ರಿಂದ 85 ಎಂಎಂ ಹಾಕಿ, ಹಿಂದೆ ಸರಿದು, ಮೂರು-ನಾಲ್ಕು ಕಂಬಗಳ ಗುಂಪನ್ನು ಹಿಡಿಯಿರಿ. ಅವುಗಳ ಹಿಂದೆ ಆಕಾಶದ ಬದಲು ದೂರದ ಕಂಬಗಳ ನೆರಳು ಬರುವ ಹಾಗೆ ನಿಲ್ಲಿ. ಮೊಣಕಾಲ ಎತ್ತರದಿಂದ ಮೇಲಕ್ಕೆ ನೋಡುವ ಕೋನ ಇಲ್ಲಿ ಶತ್ರು. ಎದೆಮಟ್ಟದಲ್ಲಿ ನೇರವಾಗಿ ಹಿಡಿದರೆ ಎಷ್ಟೋ ಬಿಳಿ ತೂತುಗಳು ಚೌಕಟ್ಟಿನ ಹೊರಗೇ ಉಳಿಯುತ್ತವೆ.

ಎರಡನೆಯದು ಅಳತೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ದತ್ತಾಂಶ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100 ಅಥವಾ 200ರಲ್ಲಿ, ಟ್ರೈಪಾಡ್ ಮೇಲೆ ತೆಗೆಯಿರಿ. (ಬಿಳಲ ಮೇಲೆ ಹತ್ತಬೇಡಿ, ಟ್ರೈಪಾಡ್ ಕಾಲನ್ನು ಎಳೆಯ ಬಿಳಲಿಗೆ ಒತ್ತಬೇಡಿ.) ಕ್ಯಾಮೆರಾವನ್ನು ಮೊನೊಕ್ರೋಮ್‌ಗೆ ಇಡಿ. ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ರಾ ಫೈಲ್‌ನಲ್ಲಿ ಬಣ್ಣ ಹಾಗೇ ಇರುತ್ತದೆ. ಒಂದು ಚುಕ್ಕೆಯಷ್ಟು ಜಾಗವನ್ನೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ವಿವರ ಬೇಕೇಬೇಕಾದ ನೆರಳಿನ ತೊಗಟೆಯನ್ನು ಅಳೆಯಿರಿ. ಮೀಟರ್ ಅದನ್ನು ನಡುಬೂದು ಮಾಡಲು ನೋಡುತ್ತದೆ, ನೀವು ಎರಡು ಸ್ಟಾಪ್ ಇಳಿಸಿ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ, ಕಪ್ಪಿನಿಂದ ಬಿಳಿವರೆಗಿನ ಛಾಯೆಗಳನ್ನು ಮೆಟ್ಟಿಲುಗಳಾಗಿ ಎಣಿಸುವ ಝೋನ್ ಪದ್ಧತಿಯಲ್ಲಿ ಇದು ಮೂರನೆಯ ಝೋನ್: ಕಪ್ಪು, ಆದರೆ ತೊಗಟೆಯ ಗೀರು ಕಾಣುವಷ್ಟು ಕಪ್ಪು.

ಈಗ ಅತಿ ಬಿಳಿಯಾದ ಜಾಗ ಪರದೆಯಲ್ಲಿ ಮಿನುಗುವ ಹೈಲೈಟ್ ಎಚ್ಚರಿಕೆ ಹಾಕಿ ನೋಡಿ. ಸಣ್ಣ ಸಣ್ಣ ಸಂದಿಗಳು ಮಿನುಗಿದರೆ ಬಿಟ್ಟುಬಿಡಿ, ಅಲ್ಲಿ ವಿವರ ಇರಬೇಕಾದ ಅಗತ್ಯವೇ ಇಲ್ಲ. ಬಿಸಿಲು ಬಿದ್ದ ಎಲೆಯ ಮೈ ಮಿನುಗಿದರೆ, ಅಥವಾ ತೆಳುವಾದ ರೆಂಬೆಗಳು ಬಿಳಿಯಲ್ಲಿ ಕರಗುತ್ತಿದ್ದರೆ, ಅರ್ಧದಿಂದ ಒಂದು ಸ್ಟಾಪ್ ಇಳಿಸಿ. ನೀವು ಹೇಳಿದ 'ಅಂಚು ಮಾಯ' ಆಗುವುದು ಇಲ್ಲೇ: ಅತಿ ಬಿಳಿ ಆಕಾಶ ಪಕ್ಕದ ಎಲೆಯನ್ನು ತಿನ್ನುತ್ತದೆ. ಹಾಗೆ ಇಳಿಸಿದರೂ ಬೆಳಕಿನ ಅಂತರ ಒಂದೇ ಚಿತ್ರದಲ್ಲಿ ಹಿಡಿಯದಿದ್ದರೆ ಎರಡು ಸ್ಟಾಪ್ ಅಂತರದ ಮೂರು ಚಿತ್ರ ತೆಗೆದು ಸೇರಿಸಬಹುದು, ಗಾಳಿ ಇಲ್ಲದಿದ್ದರೆ ಮಾತ್ರ. ಎಲೆ ಅಲುಗಿದರೆ ಪ್ರತಿ ಎಲೆಗೂ ಎರಡು-ಮೂರು ನೆರಳಂಚು ಬರುತ್ತದೆ. ಹೀಗೆಯೇ ಹಲವು ಚಿತ್ರ ಬೆಸೆಯುವ ಫೋನಿನ ಎಚ್‌ಡಿಆರ್‌ನಲ್ಲೂ ಅದೇ ಪಾಡು. ಗಾಳಿ ಇದ್ದ ದಿನ ಐಎಸ್‌ಒ 800ಕ್ಕೆ ಏರಿಸಿ, 1/250 ಸೆಕೆಂಡಿನಲ್ಲಿ ಒಂದೇ ಚಿತ್ರ ತೆಗೆಯುವುದು ಒಳ್ಳೆಯದು.

ಫಿಲ್ಟರ್‌ಗೆ ಹಣ ಹಾಕುವುದಾದರೆ ಹೊಳಪನ್ನು ತಗ್ಗಿಸುವ ಪೋಲರೈಸರ್ ಕೊಳ್ಳಿ. ಆಲದ ಎಲೆ ದಪ್ಪ, ಮೇಲ್ಮೈ ಹೊಳಪು. ಮೋಡದ ದಿನವೂ ಅದು ಆಕಾಶವನ್ನು ಕನ್ನಡಿಯಂತೆ ಹೊಳೆಸುತ್ತದೆ. ಬಣ್ಣದ ಚಿತ್ರದಲ್ಲಿ ಗಮನಕ್ಕೆ ಬಾರದ ಈ ಹೊಳಪು ಕಪ್ಪು-ಬಿಳುಪಿನಲ್ಲಿ ಉಪ್ಪು ಚೆಲ್ಲಿದಂತೆ ಕಾಣುತ್ತದೆ. ಪೋಲರೈಸರ್ ತಿರುಗಿಸಿ ಹೊಳಪು ಮುಕ್ಕಾಲು ಪಾಲು ಇಳಿದಲ್ಲಿ ನಿಲ್ಲಿಸಿ. ಪೂರ್ತಿ ಇಳಿಸಿದರೆ ಎಲೆಗಳು ಜೀವವಿಲ್ಲದೆ ಬೂದಾಗುತ್ತವೆ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳೆಯುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಹೊತ್ತಿನ ಮಾತು: ಎಲೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ತೊಗಟೆಯ ಮೇಲೆ ಬೀಳುವ ನಡುಹಗಲು ಎಲ್ಲಕ್ಕಿಂತ ಕಷ್ಟದ್ದು, ಆ ಚುಕ್ಕೆಗಳನ್ನು ಯಾವ ತಂತ್ರಾಂಶವೂ ಸರಿಯಾಗಿ ಅಳಿಸುವುದಿಲ್ಲ. ಮೋಡವೊಂದು ಅಡ್ಡ ಬರುವವರೆಗೆ ಕಾಯಿರಿ. ಮಂಜು ಇದ್ದರೆ ಅದೃಷ್ಟ: ಹಿಂದಿನ ಕಂಬಗಳು ಒಂದೊಂದಾಗಿ ತಿಳಿಯಾಗುತ್ತಾ ಆಳ ತಾನೇ ಹುಟ್ಟುತ್ತದೆ. ಚೌಕಟ್ಟಿನ ತುಂಬ ಮಂಜೇ ಇದ್ದು ಸರಾಸರಿ ಮೀಟರ್ ಬಳಸುತ್ತಿದ್ದರೆ ಒಂದು ಸ್ಟಾಪ್ ಹೆಚ್ಚಿಸಿ, ಇಲ್ಲದಿದ್ದರೆ ಮಂಜು ಹೊಗೆಯಂತೆ ಕೊಳಕು ಬೂದಾಗುತ್ತದೆ.

ಫಿಲ್ಮ್ ಬಳಸುವವರು ಐಎಸ್‌ಒ 400ರ ರೋಲನ್ನು 200 ಎಂದು ಎಣಿಸಿ ತೆಗೆದು, ಡೆವಲಪಿಂಗ್ ಸಮಯವನ್ನು ಶೇ. 15ರಿಂದ 20ರಷ್ಟು ಕಡಿಮೆ ಮಾಡಲಿ. ನೆರಳು ತುಂಬಿಕೊಳ್ಳುತ್ತದೆ, ನೆಗೆಟಿವ್‌ನಲ್ಲಿ ಆಕಾಶ ಮುದ್ರಿಸಲಾಗದಷ್ಟು ದಟ್ಟವಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಮೊದಲು, ಇನ್ನೂ ಬಣ್ಣದಲ್ಲಿರುವಾಗಲೇ, ರೆಂಬೆಗಳ ಅಂಚಿನ ನೇರಳೆ ಗೆರೆಯನ್ನು ತೆಗೆಯಿರಿ. ಬಿಟ್ಟರೆ ನೀಲಿ, ನೇರಳೆ ಸ್ಲೈಡರ್ ಮುಟ್ಟಿದ ಕೂಡಲೇ ಅದು ಬಿಳಿ ಅಥವಾ ಕಪ್ಪು ದಾರವಾಗಿ ಎದ್ದು ಕಾಣುತ್ತದೆ. ಆಮೇಲೆ ಕಪ್ಪು-ಬಿಳುಪು ಮಿಕ್ಸರ್, ಅಂದರೆ ಒಂದೊಂದು ಬಣ್ಣ ಎಷ್ಟು ಬೆಳ್ಳಗೆ ಕಾಣಬೇಕೆಂದು ತಿದ್ದುವ ಸ್ಲೈಡರ್‌ಗಳು. ಎಲೆ ತಿಳಿಯಾಗಲಿ ಎಂದು ಎಲ್ಲರೂ ಹಸಿರು ಸ್ಲೈಡರ್ ಎಳೆಯುತ್ತಾರೆ, ಏನೂ ಆಗುವುದಿಲ್ಲ, ಬೇಸರಪಡುತ್ತಾರೆ. ಕ್ಯಾಮೆರಾ ಕಂಡ ಎಲೆಯಲ್ಲಿ ಹಳದಿಯ ಪಾಲೇ ದೊಡ್ಡದು. ಹಳದಿಯನ್ನು 15ರಿಂದ 30ರಷ್ಟು ಏರಿಸಿ, ಎಲೆ ತೊಗಟೆಯಿಂದ ಬೇರ್ಪಡುತ್ತದೆ. ಶ್ಯಾಡೋಸ್ ಸ್ಲೈಡರನ್ನು ಕೊನೆವರೆಗೆ ಎಳೆದರೆ ನೆರಳು ಗಂಜಿಯಾಗುತ್ತದೆ. ಬದಲಿಗೆ ಬ್ರಶ್ ಹಿಡಿದು ಕಂಬಗಳ ಬೆಳಕು ಬಿದ್ದ ಬದಿಯನ್ನಷ್ಟೇ ಅರ್ಧ ಸ್ಟಾಪ್ ಎತ್ತಿ.

ಮುದ್ರಿಸುವುದಿದ್ದರೆ ಔಟ್‌ಪುಟ್ ಬಿಳಿಯನ್ನು (ಅಚ್ಚ ಬಿಳಿಯ ಮಟ್ಟ) 255ರಿಂದ 245ರ ಸುಮಾರಿಗೆ ಇಳಿಸಿ. ಎಲೆಸಂದಿಯ ಆಕಾಶಕ್ಕೆ ಒಂದಿಷ್ಟು ಮಸಿ ತಾಗಿ, ಕಾಗದದಲ್ಲಿ ತೂತು ಬಿದ್ದಂತೆ ಕಾಣುವುದು ತಪ್ಪುತ್ತದೆ.