ಕಾಯಿಸಿದರೆ ಬೇರಿಂಗಿನ ತೂತು ಚಿಕ್ಕದಾಗಬೇಕಲ್ವಾ?

ಪ್ರಶ್ನೆ: ಕಬ್ಬಿಣ ಕಾದರೆ ಹಿಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಬೇರಿಂಗ್ (ಯಂತ್ರದ ದಂಡ ಸಲೀಸಾಗಿ ತಿರುಗಲು ಅದಕ್ಕೆ ತೊಡಿಸುವ ಉಕ್ಕಿನ ಬಳೆ) ಕಾದಾಗ ಒಳಗಡೆಗೂ ಹಿಗ್ಗಿ, ತೂತು ಚಿಕ್ಕದಾಗಬೇಕಲ್ವಾ? ವರ್ಕ್‌ಶಾಪಿನಲ್ಲಿ ಕಾಯಿಸಿಯೇ ಶಾಫ್ಟಿಗೆ, ಅಂದರೆ ಆ ದಂಡಕ್ಕೆ, ಹಾಕುತ್ತಾರಲ್ಲ, ಯಾಕೆ?

ಉತ್ತರ: ಇಲ್ಲ, ತೂತೂ ದೊಡ್ಡದಾಗುತ್ತದೆ. ಒಂದು ಕಬ್ಬಿಣದ ಬಳೆಯನ್ನು ಕತ್ತರಿಸಿ ನೆಟ್ಟಗೆ ಬಿಡಿಸಿದಿರಿ ಅಂದುಕೊಳ್ಳಿ. ಈಗ ಅದೊಂದು ಪಟ್ಟಿ. ಕಾಯಿಸಿದರೆ ಪಟ್ಟಿ ಉದ್ದವಾಗುತ್ತದೆ. ಅದನ್ನು ಮತ್ತೆ ಸುತ್ತಿದರೆ ಮೊದಲಿಗಿಂತ ದೊಡ್ಡ ಬಳೆಯೇ ಆಗಬೇಕು. ಪಟ್ಟಿ ಚೂರು ದಪ್ಪವೂ ಆಗುತ್ತದೆ, ನಿಜ. ಆದರೂ ಒಳಗಿನ ವ್ಯಾಸ ಹಿಗ್ಗಿಯೇ ಹಿಗ್ಗುತ್ತದೆ.

ನಮ್ಮ ಕಮ್ಮಾರರು ಇದನ್ನು ಕೈಯಿಂದಲೇ ಕಲಿತವರು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ್ದೀರಾ? ಪಟ್ಟಿಯನ್ನು ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿಯೇ ಮಾಡುತ್ತಾರೆ. ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕುತ್ತಾರೆ. ಒಂದು ಮೀಟರ್ ವ್ಯಾಸದ ಪಟ್ಟಿ 400 ಡಿಗ್ರಿ ಜಾಸ್ತಿ ಕಾದರೆ ವ್ಯಾಸ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಮೂರ್ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸುತ್ತಾರೆ. ಮರ ಹೊಗೆಯಾಡತೊಡಗುತ್ತದೆ. ತಡ ಮಾಡಿದರೆ ಚಕ್ರವೇ ಸುಟ್ಟೀತು! ಕೊಡಗಟ್ಟಲೆ ನೀರು ಸುರಿದಂತೆ ಪಟ್ಟಿ ಕುಗ್ಗುತ್ತದೆ, ಸಡಿಲವಾಗಿದ್ದ ಅರಗಳ ಸಂದುಗಳು ಟಕ್ ಟಕ್ ಅಂತ ಬಿಗಿದುಕೊಳ್ಳುತ್ತವೆ. ಆ ಬಿಗಿ ಸುತ್ತಿಗೆ ಏಟಿನಿಂದ ಬರುವಂಥದ್ದಲ್ಲ.

ಬೇರಿಂಗಿನದೂ ಇದೇ ಕಥೆ, ಅಳತೆ ಮಾತ್ರ ತೀರಾ ಸಣ್ಣದು. 50 ಮಿಲಿಮೀಟರ್ ತೂತಿನ ಬೇರಿಂಗನ್ನು 30 ಡಿಗ್ರಿಯಿಂದ 110 ಡಿಗ್ರಿಗೆ ಕಾಯಿಸಿದರೆ ತೂತು ಹಿಗ್ಗುವುದು ಸುಮಾರು 0.05 ಮಿಲಿಮೀಟರ್. ಒಂದು ತೆಳು ಕೂದಲಿನಷ್ಟು. ಅಷ್ಟಿದ್ದರೆ ಸಾಮಾನ್ಯವಾಗಿ ಸಾಕು, ಕೈಯಲ್ಲೇ ಜಾರಿಸಬಹುದು. ದಪ್ಪ ಕೈಗವಸು ಮಾತ್ರ ಮರೆಯಬೇಡಿ.

ದಯವಿಟ್ಟು ಗ್ಯಾಸ್ ಟಾರ್ಚಿನ ಉರಿ ಹಿಡಿಯಬೇಡಿ. ಒಂದು ಕಡೆ ಜಾಸ್ತಿ ಕಾದು ಉಕ್ಕಿನ ಗಡಸುತನ ಹೋಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಉರಿಯಿಲ್ಲದೆ ವಿದ್ಯುತ್ತಿನಿಂದ ಕಾಯಿಸುವ ಇಂಡಕ್ಷನ್ ಹೀಟರ್ ಒಳ್ಳೆಯದು, 120 ಡಿಗ್ರಿ ದಾಟಿಸಬಾರದು. ಗ್ರೀಸ್ ತುಂಬಿ ಸೀಲ್ ಮಾಡಿದ ಬೇರಿಂಗಾದರೆ ಇನ್ನೂ ಕಡಿಮೆ, 80 ಡಿಗ್ರಿ ಸಾಕು.

ಎಷ್ಟೋ ಜನ ತಪ್ಪುವುದು ಕೊನೆಯಲ್ಲಿ. ಬೇರಿಂಗ್ ಕೂತಿತು ಅಂತ ಕೈ ಬಿಟ್ಟುಬಿಡುತ್ತಾರೆ. ತಣಿಯುವಾಗ ಅದು ಅಗಲದಲ್ಲೂ ಕುಗ್ಗುತ್ತದೆ. ಆಗ ಶಾಫ್ಟ್ ದಪ್ಪವಾಗುವ ಮೆಟ್ಟಿಲಿನಂಥ ಅಂಚಿನಿಂದ, ಅಂದರೆ ಸ್ಟೆಪ್‌ನಿಂದ ದೂರ ಸರಿದು ಸಂದು ಬೀಳುತ್ತದೆ. ಅದಕ್ಕೇ ಪೂರ್ತಿ ಬಿಗಿಯುವ ತನಕ ಒತ್ತಿ ಹಿಡಿದಿರಬೇಕು. ತಣ್ಣಗಾದ ಮೇಲೆ ಆ ಜಾಗಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ತೂರಿಸಿ ನೋಡಿ. ಅದರ ಅತಿ ತೆಳು ಎಲೆಯೂ ಒಳಗೆ ಹೋಗಬಾರದು.