ಪ್ಯಾರಿಸ್‌ನ ಒಲೆಗೆ ಸೌದೆ ತೇಲಿಸಿದ ಊರು

ಫ್ರಾನ್ಸಿನ ಯೊನ್ ನದಿಗೆ ಬ್ಯೂವ್ರೋನ್ ಎಂಬ ಹೊಳೆ ಬಂದು ಸೇರುವಲ್ಲಿ ಕ್ಲಾಮ್ಸಿ ಇದೆ. ನಾಲ್ಕು ಸಾವಿರವೂ ಇಲ್ಲದ ಜನ. ರಾಮಕೃಷ್ಣ, ವಿವೇಕಾನಂದ, ಗಾಂಧಿ ಮೂವರ ಬಗೆಗೂ ಬರೆದ ರೊಮೇನ್ ರೋಲಾ 1866ರಲ್ಲಿ ಹುಟ್ಟಿದ್ದು ಇಲ್ಲೇ. ಅವರು ಹುಟ್ಟುವ ಹೊತ್ತಿಗೆ ಊರಿನ ಕಸುಬಿಗೆ ಮುನ್ನೂರು ವರ್ಷ ದಾಟಿತ್ತು. ಆ ಕಸುಬು, ಪ್ಯಾರಿಸ್‌ಗೆ ಸೌದೆ ತೇಲಿಬಿಡುವುದು.

16ನೇ ಶತಮಾನದಲ್ಲಿ ಪ್ಯಾರಿಸ್ ಬೆಳೆದ ಹಾಗೆ ಹತ್ತಿರದ ಕಾಡು ಸಾಲದಾಯಿತು. ದೂರದ ಮೊರ್ವಾನ್ ಬೆಟ್ಟಗಳಲ್ಲಿ ಓಕ್, ಬೀಚ್ ಮರಗಳು ಬೇಕಾದಷ್ಟಿದ್ದವು. ಆದರೆ ಅಷ್ಟು ದೂರ ಗಾಡಿಯಲ್ಲಿ ತಂದರೆ ಸೌದೆಗಿಂತ ಬಾಡಿಗೆಯೇ ಭಾರ. ಹಾಗಾಗಿ ನದಿಯೇ ದಾರಿಯಾಯಿತು. 1549ರಲ್ಲಿ ಇದನ್ನು ಶುರುಮಾಡಿದ ಕೀರ್ತಿಯನ್ನು ಊರು ಜಾನ್ ರೂವೆ ಎಂಬ ವ್ಯಾಪಾರಿಗೆ ಕೊಟ್ಟಿದೆ.

ಕೆಲಸದ ಬಗೆ ಹೀಗಿತ್ತು. ಮೀಟರಿಗಿಂತ ತುಸು ಉದ್ದದ ತುಂಡುಗಳ ತುದಿಗೆ ಆಯಾ ವ್ಯಾಪಾರಿಯ ಗುರುತನ್ನು ಸುತ್ತಿಗೆಯಿಂದ ಒತ್ತುತ್ತಿದ್ದರು. ಬೆಟ್ಟದ ಕೆರೆಗಳ ತೂಬು ತೆಗೆದು, ನುಗ್ಗುವ ನೀರಿಗೆ ತುಂಡುಗಳನ್ನು ಬಿಡಿಬಿಡಿಯಾಗಿ ಎಸೆಯುತ್ತಿದ್ದರು. ಮುಳುಗಿದ ತುಂಡಿಗೆ ‘ಬಾತುಕೋಳಿ’ ಎಂದು ಹೆಸರು. ಉಳಿದವು ಕ್ಲಾಮ್ಸಿಯ ಬಳಿ ತಡೆಗೆ ಬಂದು ನಿಂತಾಗ ಗಂಡಸರು, ಹೆಂಗಸರು, ಮಕ್ಕಳು ಸೇರಿ ಎಳೆದು ಹಾಕಿ, ಗುರುತು ನೋಡಿ ಬೇರೆಬೇರೆ ಒಟ್ಟುತ್ತಿದ್ದರು. ಗುರುತು ನೋಡಬೇಕೆಂದರೆ ತಣ್ಣೀರಲ್ಲಿ ನೆನೆದ ಪ್ರತಿ ತುಂಡನ್ನೂ ಕೈಯಲ್ಲಿ ಹಿಡಿಯಲೇಬೇಕು.

ಆಮೇಲೆ ಅವನ್ನೆಲ್ಲ ಕಟ್ಟಿ ಎಪ್ಪತ್ತು ಮೀಟರಿಗೂ ಉದ್ದದ ತೆಪ್ಪ ಮಾಡುತ್ತಿದ್ದರು. ಒಬ್ಬ ತೆಪ್ಪಗಾರ, ಜೊತೆಗೊಬ್ಬ ಹುಡುಗ, ಕೈಯಲ್ಲೊಂದು ಉದ್ದನೆ ಗಳು. ಯೊನ್‌ನಲ್ಲಿ ಇಳಿದು ಸೇನ್ ಸೇರಿ ಪ್ಯಾರಿಸ್ ಮುಟ್ಟಲು ಹೆಚ್ಚುಕಡಿಮೆ 11 ದಿನ. ಅಲ್ಲಿ ತೆಪ್ಪವನ್ನೇ ಬಿಚ್ಚಿ ಸೌದೆಯಾಗಿ ಮಾರಿದ ಮೇಲೆ ಹತ್ತಿ ಬರಲು ಏನೂ ಉಳಿಯುತ್ತಿರಲಿಲ್ಲ. ತೆಪ್ಪಗಾರ ನಡೆದೇ ಊರಿಗೆ ಮರಳಬೇಕಿತ್ತು. ಪ್ಯಾರಿಸ್‌ನ ವೈಭವವನ್ನು ಹೊಗಳುವವರು ಈ ಕಾಲುನಡಿಗೆಯನ್ನೂ ನೆನೆಯಬೇಕು ಎಂದು ನನಗನ್ನಿಸುತ್ತದೆ.

ಇಂಥ ಜನ ಸುಮ್ಮನೆ ತಲೆಬಾಗುವವರಾಗಿರಲಿಲ್ಲ. 1851ರ ಡಿಸೆಂಬರಿನಲ್ಲಿ ಆಗಿನ ಅಧ್ಯಕ್ಷ ಲೂಯಿ ನೆಪೋಲಿಯನ್ ಗಣರಾಜ್ಯವನ್ನು ಮುರಿದು ಅಧಿಕಾರ ಕಿತ್ತುಕೊಂಡಾಗ ಕ್ಲಾಮ್ಸಿ ದಂಗೆಯೆದ್ದಿತು. ತೆಪ್ಪಗಾರರೂ ಅದರಲ್ಲಿದ್ದರು. ಸೈನ್ಯ ಬಂದು ಹತ್ತಿಕ್ಕಿತು. ಹಲವರನ್ನು ದೂರದ ಅಲ್ಜೀರಿಯಾಕ್ಕೆ ಗಡೀಪಾರು ಮಾಡಿದರು.

ಅದೇ ದಶಕದಲ್ಲಿ ಸರ್ಕಾರ ತೇಲುಸೌದೆಗೆ ನೀರು ಸಾಲಲೆಂದು ಮೊರ್ವಾನ್‌ನಲ್ಲಿ ಸೆಟ್ಟೋನ್ ಅಣೆಕಟ್ಟೆ ಕಟ್ಟಿಸಿತು. 1858ರಲ್ಲಿ ಅದು ಮುಗಿಯುವ ಹೊತ್ತಿಗೆ ಪ್ಯಾರಿಸ್‌ನ ಮನೆಗಳಿಗೆ ಕಲ್ಲಿದ್ದಲು ಬರತೊಡಗಿತ್ತು. ನಿವೆರ್ನೇ ಕಾಲುವೆಯಲ್ಲಿ ದೋಣಿಗಳು ಓಡುತ್ತಿದ್ದವು, ಹಿಂದೆಯೇ ರೈಲು ಬಂತು. ಆ ಶತಮಾನ ಮುಗಿಯುವುದರೊಳಗೆ ತೆಪ್ಪಗಳು ನಿಂತವು. ಬಿಡಿ ತುಂಡುಗಳನ್ನು ತೇಲಿಬಿಡುವುದು ಮಾತ್ರ 1920ರ ದಶಕದವರೆಗೂ ಉಳಿದಿತ್ತು.

ಕ್ಲಾಮ್ಸಿಯ ಸೇತುವೆಯ ಹೆಸರು ಬೆತ್ಲೆಹೇಮ್. ಯೇಸು ಹುಟ್ಟಿದ ಪವಿತ್ರಭೂಮಿ ಕ್ರೈಸ್ತರ ಕೈತಪ್ಪಿದ ಮೇಲೆ ಅಲ್ಲಿನ ಬೆತ್ಲೆಹೇಮಿನ ಬಿಷಪ್ಪರು 13ನೇ ಶತಮಾನದಿಂದ ಫ್ರೆಂಚ್ ಕ್ರಾಂತಿಯವರೆಗೆ ನೆಲೆನಿಂತದ್ದು ಈ ಊರಿನಲ್ಲಿ. ಈಗ ಆ ಸೇತುವೆಯ ಮೇಲೆ ನಿಂತಿರುವುದು ತೆಪ್ಪಗಾರನ ವಿಗ್ರಹ. ಪ್ರತಿ ಜುಲೈ 14ರಂದು ನದಿಯಲ್ಲಿ ದೋಣಿಗಳ ಮೇಲೆ ನಿಂತು ಈಟಿಯಂಥ ಗಳುಗಳಿಂದ ಒಬ್ಬರನ್ನೊಬ್ಬರು ನೀರಿಗೆ ತಳ್ಳುವ ಪಂದ್ಯ ನಡೆಯುತ್ತದೆ. ಬೀಳದೆ ಕೊನೆಗೆ ಉಳಿದವನಿಗೆ ಸಿಗುವ ಬಿರುದು ‘ರ್ವಾ ಸೆಕ್’, ಒದ್ದೆಯಾಗದ ರಾಜ.