ಆಫ್ರೋಫ್ಯೂಚರಿಸಂ ಚಿತ್ರಕಾದಂಬರಿಗಳು: ಬಣ್ಣದಲ್ಲಿ ಕಾಲವನ್ನು ಓದುವುದು

ಕಪ್ಪು ಜನರ ಕಣ್ಣಿನಿಂದ ಭವಿಷ್ಯವನ್ನು ಕಲ್ಪಿಸುವ ಕಲೆ-ಸಾಹಿತ್ಯದ ಪ್ರಕಾರವೇ ಆಫ್ರೋಫ್ಯೂಚರಿಸಂ. ಆ ಹೆಸರು ಕೇಳಿದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ವಕಾಂಡ ಎಂಬ ಕಾಲ್ಪನಿಕ ರಾಜ್ಯ. ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 1966ರಲ್ಲಿ 'ಫೆಂಟಾಸ್ಟಿಕ್ ಫೋರ್' ಕಾಮಿಕ್ಸ್‌ನ 52ನೇ ಸಂಚಿಕೆಯಲ್ಲಿ ಬ್ಲ್ಯಾಕ್ ಪ್ಯಾಂಥರ್‌ನನ್ನು ತಂದರು. ಯಾರ ವಸಾಹತೂ ಆಗದೆ, ತಂತ್ರಜ್ಞಾನದಲ್ಲಿ ಇಡೀ ಜಗತ್ತನ್ನು ಹಿಂದಿಕ್ಕಿದ ಆಫ್ರಿಕನ್ ರಾಜ್ಯ ಅವನದು, ಅದೇ ವಕಾಂಡ. ಅದು ಮುಖ್ಯವಾದ ಕಲ್ಪನೆಯೇ. ಆದರೆ ಅಲ್ಲಿಂದ ಅಭ್ಯಾಸ ಶುರು ಮಾಡಿದರೆ, ಹೊಳೆಯುವ ನಗರ ಮತ್ತು ಹಾರುವ ವಾಹನಗಳೇ ಈ ಪ್ರಕಾರದ ತಿರುಳು ಎಂಬ ಎಣಿಕೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಹಾಗಾಗಿ ಪರೀಕ್ಷೆಗೆ ಓದುತ್ತಿರುವ ನಿಮಗಾಗಿ ನಾನು ಇನ್ನೊಂದು ಬಾಗಿಲಿನಿಂದ ಒಳಹೋಗುತ್ತೇನೆ.

ಈ ಪದವನ್ನು ಚಲಾವಣೆಗೆ ತಂದವರು ವಿಮರ್ಶಕ ಮಾರ್ಕ್ ಡೆರಿ, 1993ರಲ್ಲಿ. ಅವರು ಎತ್ತಿದ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಯಾರ ಗತಕಾಲವನ್ನು ಬೇಕೆಂದೇ ಅಳಿಸಿ ಹಾಕಲಾಯಿತೋ, ಯಾರ ಶಕ್ತಿಯೆಲ್ಲ ತಮ್ಮ ಚರಿತ್ರೆಯ ಚೂರುಗಳನ್ನು ಹುಡುಕುವುದರಲ್ಲೇ ಸವೆಯಿತೋ, ಆ ಜನ ಭವಿಷ್ಯವನ್ನು ಕಲ್ಪಿಸಿಕೊಳ್ಳುವುದು ಹೇಗೆ? ಇಲ್ಲಿ ಭವಿಷ್ಯದ ಪ್ರಶ್ನೆ ಭೂತಕಾಲದಿಂದ ಹುಟ್ಟುತ್ತಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ಹಿನ್ನೆಲೆಗಾಗಿ ಒಂದು ಪುಟ್ಟ ಕಥೆ. ಅಮೆರಿಕದ ಪ್ರಕಾಶನ ಸಂಸ್ಥೆ ಇಸಿ ಕಾಮಿಕ್ಸ್ 1953ರಲ್ಲಿ ಪ್ರಕಟಿಸಿದ 'ಜಡ್ಜ್‌ಮೆಂಟ್ ಡೇ' ಬರೆದವರು ಆಲ್ ಫೆಲ್ಡ್‌ಸ್ಟೈನ್, ಚಿತ್ರ ಜೋ ಒರ್ಲ್ಯಾಂಡೊ ಅವರದು. ಭೂಮಿಯಿಂದ ಬಂದ ಪರೀಕ್ಷಕನೊಬ್ಬ ರೋಬೋಟ್‌ಗಳ ಗ್ರಹವನ್ನು ಸುತ್ತಿ ನೋಡುತ್ತಾನೆ. ಕಿತ್ತಳೆ ಬಣ್ಣದವು ಮೇಲು, ನೀಲಿ ಬಣ್ಣದವು ಕೀಳು. ಹೊರಕವಚ ಬಿಟ್ಟರೆ ಒಳಗಿನ ಯಂತ್ರ ಒಂದೇ. ನಿಮ್ಮ ಗ್ರಹ ಇನ್ನೂ ನಮ್ಮ ಗಣರಾಜ್ಯಕ್ಕೆ ಸೇರಲು ಯೋಗ್ಯವಾಗಿಲ್ಲ ಎಂದು ಹೇಳಿ ಅವನು ಹೊರಡುತ್ತಾನೆ. ಕೊನೆಯ ಚೌಕಟ್ಟಿನಲ್ಲಿ ಅವನು ಶಿರಸ್ತ್ರಾಣ ತೆಗೆಯುತ್ತಾನೆ. ಕಪ್ಪು ಮುಖ, ಅದರ ಮೇಲೆ ದೂರದ ನಕ್ಷತ್ರಗಳಂತೆ ಮಿನುಗುವ ಬೆವರ ಹನಿಗಳು. 1956ರಲ್ಲಿ ಇದನ್ನು ಮರುಮುದ್ರಿಸಲು ಹೊರಟಾಗ, ಆ ಹೊತ್ತಿಗೆ ಜಾರಿಯಲ್ಲಿದ್ದ ಕಾಮಿಕ್ಸ್ ನೀತಿಸಂಹಿತೆಯ ಅಧಿಕಾರಿ ಆ ಮುಖವನ್ನು ಬದಲಿಸಬೇಕೆಂದು ಪಟ್ಟು ಹಿಡಿದ. ಪ್ರಕಾಶಕರು ಬಗ್ಗಲಿಲ್ಲ, ಕಥೆ ಇದ್ದ ಹಾಗೆಯೇ ಅಚ್ಚಾಯಿತು. ಇದನ್ನು ಆಫ್ರೋಫ್ಯೂಚರಿಸಂ ಎಂದು ಕರೆಯಲು ನಾನು ಒಪ್ಪುವುದಿಲ್ಲ, ಏಕೆಂದರೆ ಕಪ್ಪು ಜನರು ತಮ್ಮ ಬಗ್ಗೆ ತಾವೇ ಕಂಡ ಕನಸು ಇದಲ್ಲ. ಆದರೂ ಒಂದು ವಿಷಯವನ್ನು ಇದು ಎತ್ತಿ ತೋರಿಸುತ್ತದೆ: ಭವಿಷ್ಯದಲ್ಲಿ ಒಂದು ಕಪ್ಪು ಮುಖವನ್ನು ಬರೆಯುವುದೇ ಆಗ ಜಗಳಕ್ಕೆ ಸಾಕಾಗಿತ್ತು.

ಕಪ್ಪು ಲೇಖಕ ಡ್ವೇನ್ ಮೆಕ್‌ಡಫಿ ಮತ್ತು ಸಂಗಡಿಗರು 1993ರಲ್ಲಿ ಆರಂಭಿಸಿದ ಮೈಲ್‌ಸ್ಟೋನ್ ಕಾಮಿಕ್ಸ್ ಸಂಸ್ಥೆಯ 'ಐಕಾನ್' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅನ್ಯಗ್ರಹದ ನೌಕೆಯಿಂದ ತಪ್ಪಿಸಿಕೊಂಡ ಜೀವಿಯೊಂದು 1839ರಲ್ಲಿ ಅಮೆರಿಕದ ದಕ್ಷಿಣದಲ್ಲಿ ಬಂದು ಬೀಳುತ್ತದೆ. ಅದನ್ನು ಮೊದಲು ಕಂಡವಳು ಗುಲಾಮ ಹೆಂಗಸು. ಆದ್ದರಿಂದ ಆ ಜೀವಿ ಅವಳ ಜನರ ರೂಪವನ್ನೇ ತಾಳುತ್ತದೆ. ಹೊಲದಲ್ಲಿ ಸಿಕ್ಕ ಮಗು ಎಂಬ ಸೂಪರ್‌ಮ್ಯಾನ್ ಕಥೆಯ ಬುಡವನ್ನೇ ಇದು ಬೇರೆ ಮಣ್ಣಿಗೆ ತಂದು ನೆಟ್ಟಿದೆ.

ಈಗ ನನ್ನ ಮಟ್ಟಿಗೆ ಈ ವಿಷಯದ ಹೃದಯ. ಅಮೆರಿಕದ ಕಪ್ಪು ಲೇಖಕಿ ಅಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ 'ಕಿಂಡ್ರೆಡ್' ಕಾದಂಬರಿಯನ್ನು ಡೇಮಿಯನ್ ಡಫಿ ಮತ್ತು ಜಾನ್ ಜೆನ್ನಿಂಗ್ಸ್ 2017ರಲ್ಲಿ ಚಿತ್ರಕಾದಂಬರಿಯಾಗಿಸಿದರು. ಮರುವರ್ಷ ಅದಕ್ಕೆ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂತು. 1976ರ ಕ್ಯಾಲಿಫೋರ್ನಿಯಾದಲ್ಲಿ ಡ್ಯಾನಾ ಎಂಬ ಕಪ್ಪು ಲೇಖಕಿ ಹೊಸ ಮನೆಯಲ್ಲಿ ಪುಸ್ತಕ ಜೋಡಿಸುತ್ತಿರುವಾಗ ತಲೆ ಸುತ್ತುತ್ತದೆ. ಕಣ್ಣು ಬಿಟ್ಟರೆ ಅವಳು ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡ್‌ನ ಹೊಳೆದಂಡೆಯಲ್ಲಿದ್ದಾಳೆ. ಎದುರಿಗೆ ನೀರಿನಲ್ಲಿ ಮುಳುಗುತ್ತಿರುವ ಬಿಳಿಯ ಹುಡುಗ. ಅವನ ಹೆಸರು ರೂಫಸ್. ಅವನನ್ನು ದಡಕ್ಕೆಳೆದು ಬದುಕಿಸಿದವಳ ಮುಖಕ್ಕೆ ಬಂದೂಕಿನ ನಳಿಗೆ ತಿರುಗುತ್ತದೆ. ಸಾವಿನ ಭಯವೇ ಅವಳನ್ನು ಮನೆಗೆ ಎಸೆಯುತ್ತದೆ. ಒದ್ದೆಯಾಗಿ, ಕೆಸರು ಮೆತ್ತಿಕೊಂಡು ಅವಳು ಮರಳಿದಾಗ ಗಂಡನ ಲೆಕ್ಕದಲ್ಲಿ ಕಳೆದದ್ದು ಕೆಲವೇ ಕ್ಷಣ. ರೂಫಸ್ ಮುಂದೆ ಗುಲಾಮರ ಒಡೆಯನಾಗುವವನು, ಜೊತೆಗೆ ಡ್ಯಾನಾಳ ಪೂರ್ವಜ. ಅವನನ್ನು ಮತ್ತೆ ಮತ್ತೆ ಉಳಿಸದಿದ್ದರೆ ಅವಳೇ ಹುಟ್ಟುವುದಿಲ್ಲ.

ಕಥೆಯಲ್ಲಿ ಕಾಲಯಂತ್ರ ಇಲ್ಲ, ವಿಜ್ಞಾನದ ವಿವರಣೆಯೂ ಇಲ್ಲ. ಹಾಗಾದರೆ ಚಿತ್ರಕಾರ ಕಾಲದ ಜಿಗಿತವನ್ನು ಕಾಣಿಸಿದ್ದು ಹೇಗೆ? ಬಣ್ಣದಿಂದ. ಹಳೆಯ ಕಾಲವೆಂದರೆ ಮಾಸಿದ ಕಂದು ಛಾಯೆ, ಇಂದಿನದೆಂದರೆ ತುಂಬು ಬಣ್ಣ ಎಂದು ಸಿನಿಮಾ ನಮ್ಮ ಕಣ್ಣಿಗೆ ರೂಢಿ ಮಾಡಿಸಿದೆ. ಜೆನ್ನಿಂಗ್ಸ್ ಅದನ್ನು ತಿರುಗಿಸಿಟ್ಟಿದ್ದಾರೆ. 1976ರ ಮನೆ, ಪುಸ್ತಕ, ಗಂಡ ಎಲ್ಲ ಮಂಕು ಕಂದು. ಗುಲಾಮಗಿರಿಯ ಮೇರಿಲ್ಯಾಂಡ್ ಮಾತ್ರ ಗಾಢ ಬಣ್ಣಗಳಲ್ಲಿ ಉರಿಯುತ್ತದೆ. ಒಮ್ಮೆ ಮಾತುಗಳನ್ನು ಓದದೆ, ಬರಿಯ ಬಣ್ಣವನ್ನಷ್ಟೇ ನೋಡುತ್ತಾ ಪುಟ ತಿರುವಿ. ಮುಗಿದುಹೋಯಿತೆಂದು ಪಠ್ಯಪುಸ್ತಕ ಹೇಳುವ ಕಾಲವೇ ಹೆಚ್ಚು ಜೀವಂತವಾಗಿರುವುದು ಕಣ್ಣಿಗೆ ನಾಟುತ್ತದೆ. ಬಟ್ಲರ್ ಪುಟಗಟ್ಟಲೆ ಬರೆದು ಮನಗಾಣಿಸಿದ್ದನ್ನು ಚಿತ್ರ ಒಂದೇ ನೋಟದಲ್ಲಿ ಮುಟ್ಟಿಸುತ್ತದೆ.

ಎರಡು ಚೌಕಟ್ಟುಗಳ ನಡುವಿನ ಖಾಲಿ ಸಂದನ್ನೂ ಮರೆಯಬೇಡಿ. ಯಾವುದೇ ಕಾಮಿಕ್ಸ್‌ನಲ್ಲಿ ಆ ಸಂದಿನಲ್ಲಿ ನಡೆದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಇಲ್ಲಿ ಆ ಬೆರಳಗಲದ ಜಾಗದಲ್ಲಿ ಸುಮಾರು ನೂರೈವತ್ತು ವರ್ಷಗಳಿವೆ, ಎರಡೂ ಕಾಲ ಒಟ್ಟಿಗೇ ಕಣ್ಣೆದುರಿಗಿರುತ್ತವೆ. ಕೊನೆಯ ಸಲ ಡ್ಯಾನಾ ಮರಳುವಾಗ ಅವಳ ಎಡಗೈ ಮನೆಯ ಗೋಡೆಯೊಳಗೇ ಸೇರಿಹೋಗುತ್ತದೆ. ಅವಳು ಕೈ ಕಳೆದುಕೊಂಡ ದಿನ 1976ರ ಜುಲೈ 4, ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೇ ವರ್ಷವನ್ನು ಆಚರಿಸಿದ ದಿನ. ಪರೀಕ್ಷೆಗೆ ಈ ಕೃತಿಯಿಂದ ಒಂದೇ ಒಂದು ವಿವರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಡೆಗೆ ನ್ನೆಡಿ ಒಕೊರಾಫೋರ್. ಅಮೆರಿಕದಲ್ಲಿ ಹುಟ್ಟಿದ, ನೈಜೀರಿಯಾದ ಇಗ್ಬೊ ಮೂಲದ ಲೇಖಕಿ. ತಮ್ಮ ಬರವಣಿಗೆಗೆ ಅವರು ಬೇರೆಯೇ ಹೆಸರು ಕೊಟ್ಟುಕೊಂಡಿದ್ದಾರೆ: ಆಫ್ರಿಕನ್‌ಫ್ಯೂಚರಿಸಂ. ಎರಡೂ ಒಂದೇ ಎಂದು ಉತ್ತರ ಬರೆದರೆ ತಪ್ಪಾಗುತ್ತದೆ. ಆಫ್ರೋಫ್ಯೂಚರಿಸಂ ಬೇರು ಬಿಟ್ಟದ್ದು ಅಮೆರಿಕದ ಕಪ್ಪು ಜನರ ಅನುಭವದಲ್ಲಿ. ಒಕೊರಾಫೋರ್ ಹೇಳುವ ಬಗೆಗೆ ಆಫ್ರಿಕವೇ ಕೇಂದ್ರ, ಪಶ್ಚಿಮದತ್ತ ನೋಡಲೇಬೇಕೆಂಬ ಹಂಗು ಅದಕ್ಕಿಲ್ಲ. ಚಿತ್ರಕಲಾವಿದೆ ಟಾನಾ ಫೋರ್ಡ್ ಜೊತೆ ಅವರು ಮಾಡಿದ, 2020ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೋ ಪ್ರಶಸ್ತಿ ಪಡೆದ 'ಲಗಾರ್ಡಿಯಾ'ದಲ್ಲಿ ಅನ್ಯಗ್ರಹದವರು ಮೊದಲು ಬಂದಿಳಿಯುವುದು ನೈಜೀರಿಯಾದಲ್ಲಿ. ಫ್ಯೂಚರ್ ಎಂಬ ಗರ್ಭಿಣಿ ವೈದ್ಯೆ ಅನ್ಯಗ್ರಹದ ಸಸ್ಯವೊಂದನ್ನು ಬಚ್ಚಿಟ್ಟುಕೊಂಡು ನ್ಯೂಯಾರ್ಕ್‌ನ ವಿಮಾನ ನಿಲ್ದಾಣಕ್ಕೆ ಬರುತ್ತಾಳೆ. ಆ ಸಸ್ಯದ ಹೆಸರು ಲೆಟ್‌ಮಿ ಲಿವ್, ಅಂದರೆ 'ನನ್ನನ್ನು ಬದುಕಗೊಡಿ'.

ಕನ್ನಡದಲ್ಲಿ ಇದನ್ನು ವಿವರಿಸಲು ಕೂತಾಗ ನಾನು ತಡವರಿಸಿದ್ದು 'ಏಲಿಯನ್' ಎಂಬ ಪದದಲ್ಲಿ. ಅಮೆರಿಕದ ವಲಸೆ ಕಾನೂನಿನಲ್ಲಿ ಹೊರದೇಶದ ಮನುಷ್ಯನೂ ಏಲಿಯನ್, ಜನರ ಮಾತಿನಲ್ಲಿ ಬೇರೆ ಗ್ರಹದ ಜೀವಿಯೂ ಏಲಿಯನ್. ಕಥೆಯ ಜೀವಾಳವೇ ಈ ಜೋಡಿ ಅರ್ಥ. 'ಅನ್ಯಗ್ರಹ ಜೀವಿ' ಎಂದರೆ ವಲಸಿಗ ಕೈಬಿಡುತ್ತಾನೆ, 'ವಿದೇಶಿ' ಎಂದರೆ ಸಸ್ಯ ಕೈಬಿಡುತ್ತದೆ. ಸದ್ಯಕ್ಕೆ ನನ್ನ ಟಿಪ್ಪಣಿಯಲ್ಲಿ 'ಪರಕೀಯ' ಎಂದು ಬರೆದುಕೊಂಡಿದ್ದೇನೆ. ಗಡಿಯ ಆಚೆಯವರಿಗೂ ಆಕಾಶದ ಆಚೆಯವರಿಗೂ ಒಗ್ಗುವ ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಅದನ್ನೇ ಬಳಸೋಣ.